ಐದನೇ ಶನಿವಾರದ ಲೆಕ್ಕ

ಪ್ರಿಯ ಸೋದರಿ,

ನಿಮ್ಮ ಪತ್ರವನ್ನೂ ಅದರ ಜೊತೆ ಲೆಕ್ಕದ ಪುಸ್ತಕದಿಂದ ಬಿಡಿಸಿ ಕಳಿಸಿದ ಎರಡು ತಿಂಗಳ ಹಾಳೆಗಳನ್ನೂ ಓದಿದೆ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಉಳಿದ ಓದುಗರಿಗೆ ವಿಷಯ ತಿಳಿಯಲೆಂದು ನಿಮ್ಮ ಮಾತನ್ನು ಚುಟುಕಾಗಿ ಹೇಳುತ್ತೇನೆ. ಮನೆಯಲ್ಲಿ ನಾಲ್ಕು ಜನ. ದಿನಸಿಗೆ ತಿಂಗಳಿಗೆ ಇಷ್ಟು ಎಂದು ಎರಡು ವರ್ಷದ ಹಿಂದೆ ಗಂಡ ಹೆಂಡತಿ ಕೂತು ಗೊತ್ತು ಮಾಡಿಕೊಂಡಿರಿ. ಆ ಹಣವನ್ನು ನಾಲ್ಕು ಪಾಲು ಮಾಡಿ ಶನಿವಾರಕ್ಕೊಮ್ಮೆ ಸಾಮಾನು ತರುತ್ತೀರಿ. ಆದರೂ 24ನೇ ತಾರೀಖಿನ ಹೊತ್ತಿಗೆ ಕೈ ಬರಿದಾಗುತ್ತದೆ, ಬೇರೆ ಖರ್ಚಿಗೆಂದು ಎತ್ತಿಟ್ಟದ್ದಕ್ಕೆ ಕೈಹಾಕಬೇಕಾಗುತ್ತದೆ. “ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು” ಎಂದು ಯಜಮಾನರು ಹೇಳಿದಾಗಲೆಲ್ಲ ನಿಮ್ಮ ಮನಸ್ಸು ಮುದುಡುತ್ತದೆ. ಕೊನೆಯ ವಾರ ನಿಮ್ಮ ಪಾಲಿನ ಹಾಲು, ಹಣ್ಣು ಬಿಟ್ಟುಬಿಡುತ್ತೀರಿ. “ನನಗೆ ಮನೆ ನಡೆಸಲು ಬರುವುದಿಲ್ಲವೇ?” ಎಂಬುದು ನಿಮ್ಮ ಪತ್ರದ ಕೊನೆಯ ಸಾಲು.

ಬರುತ್ತದೆ. ಸಮಾಧಾನಕ್ಕೆ ಹೇಳುವ ಮಾತಲ್ಲ ಇದು. ನಿಮ್ಮ ಹಾಳೆಗಳನ್ನು ಒಂದು ಸಂಜೆಯಿಡೀ ಮುಂದಿಟ್ಟುಕೊಂಡು, ಕೂಡಿ ಕಳೆದು ನೋಡಿದ ಮೇಲೆ ಹೇಳುತ್ತಿದ್ದೇನೆ. ನೀವು ಗೊತ್ತು ಮಾಡಿಕೊಂಡ ಮೊತ್ತವನ್ನು 100 ಎಂದಿಟ್ಟುಕೊಳ್ಳೋಣ. ಮೊದಲನೆಯ ತಿಂಗಳು ಖರ್ಚಾದದ್ದು 119. ಯಾರಾದರೂ ಗಾಬರಿಯಾಗುವ ಅಂಕಿಯೇ. ಆದರೆ ಆ ತಿಂಗಳ ಶನಿವಾರಗಳನ್ನು ಎಣಿಸಿ: 2, 9, 16, 23, 30. ಐದು! ಹಣ ನಾಲ್ಕು ಪಾಲಾಗಿತ್ತು, ಶನಿವಾರಗಳು ಐದು ಬಂದವು. 30ರಂದು ನೀವು ತಂದ ಚೀಲದ ಬೆಲೆ 22. ಅದನ್ನು ಪಕ್ಕಕ್ಕಿಟ್ಟರೆ ತಿಂಗಳನ್ನು ನೀವು 97ರಲ್ಲಿ ದಾಟಿಸಿದ್ದೀರಿ. ಆ ಚೀಲದಲ್ಲಿದ್ದ ಸಾಮಾನಿನ ಬಹುಪಾಲು ಖರ್ಚಾದದ್ದಾದರೂ ಯಾವಾಗ? ಮರುತಿಂಗಳ ಮೊದಲ ವಾರದಲ್ಲಿ.

ತಿಂಗಳೆಂದರೆ ನಾಲ್ಕು ವಾರ ಎಂದು ನಾವೆಲ್ಲರೂ ಬಾಯಿಮಾತಿಗೆ ಹೇಳುತ್ತೇವೆ. ನಾಲ್ಕು ವಾರಕ್ಕೆ 28 ದಿನ ಮಾತ್ರ. ಉಳಿದ ಎರಡು ಮೂರು ದಿನ ಯಾರ ಲೆಕ್ಕಕ್ಕೂ ಸೇರದೆ ಉಳಿದುಬಿಡುತ್ತವೆ, ಆದರೆ ಆ ದಿನಗಳಲ್ಲೂ ಹೊಟ್ಟೆ ಹಸಿಯುತ್ತದೆ. ವರ್ಷಕ್ಕೆ 52 ವಾರ. ಹಾಗಾಗಿ ತಿಂಗಳ ಹಣವನ್ನು ನಾಲ್ಕರಿಂದ ಭಾಗಿಸುವುದರ ಬದಲು 12ರಿಂದ ಗುಣಿಸಿ 52ರಿಂದ ಭಾಗಿಸಬೇಕು. ಆಗ ವಾರದ ಪಾಲು 25 ಆಗುವುದಿಲ್ಲ, 23 ಆಗುತ್ತದೆ. ವಾರಕ್ಕೆ 25ರಂತೆ ಖರ್ಚು ಮಾಡುವವರು ಒಂದು ಕಾಳನ್ನೂ ದುಂದು ಮಾಡದಿದ್ದರೂ ವರ್ಷದ ಕೊನೆಗೆ ನೂರಕ್ಕೆ ಎಂಟು ಭಾಗದಷ್ಟು ಮೀರಿಯೇ ಇರುತ್ತಾರೆ. ನಿಮ್ಮ ಶನಿವಾರಗಳ ಖರೀದಿ ಸರಾಸರಿ 22ರಲ್ಲಿ ನಿಂತಿದೆ. ನೀವು ಎಷ್ಟು ಬಿಗಿಯಾಗಿ ಹಿಡಿದಿದ್ದೀರಿ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ನನಗೆ ಬೇಕಿಲ್ಲ.

ಐದು ಶನಿವಾರ ಬರುವ ತಿಂಗಳುಗಳು ವರ್ಷಕ್ಕೆ ನಾಲ್ಕು, ಕೆಲವು ವರ್ಷ ಐದು. ಇವು ಹೇಳದೆ ಕೇಳದೆ ಬರುವ ನೆಂಟರಲ್ಲ. ಈಗಲೇ ಕ್ಯಾಲೆಂಡರ್ ತೆಗೆದು ಆ ತಿಂಗಳುಗಳ ಮೇಲೆ ಗುರುತು ಹಾಕಿ. ನಾಲ್ಕು ಶನಿವಾರದ ತಿಂಗಳಲ್ಲಿ ವಾರಕ್ಕೆ 23ರಂತೆ 92 ತೆಗೆದುಕೊಂಡು, ಉಳಿದ 8ನ್ನು ಬೇರೆ ಲಕೋಟೆಯಲ್ಲಿಡಿ. ಅದರ ಮೇಲೆ ‘ಐದನೇ ಶನಿವಾರ’ ಎಂದೇ ಬರೆಯಿರಿ. ಹೆಸರಿಟ್ಟ ಹಣಕ್ಕೆ ಕೈಹಾಕಲು ಮನಸ್ಸು ಸ್ವಲ್ಪ ಅಳುಕುತ್ತದೆ.

ಇನ್ನು ಎರಡನೆಯ ತಿಂಗಳು. ಶನಿವಾರಗಳು ನಾಲ್ಕೇ, ಖರ್ಚು 109. ಇಲ್ಲಿ 13ನೇ ತಾರೀಖಿನ ಸಾಲಿನಲ್ಲಿ ಒಂದು ದೊಡ್ಡ ಎಣ್ಣೆ ಡಬ್ಬ ಇದೆ, ಅದೊಂದಕ್ಕೇ 12. ಪಕ್ಕದಲ್ಲಿ ನೀವೇ ಸಣ್ಣಕ್ಷರದಲ್ಲಿ ‘3 ತಿಂಗಳಿಗೆ’ ಎಂದು ಬರೆದುಕೊಂಡಿದ್ದೀರಿ. ಹಾಗಿದ್ದರೆ ಆ ತಿಂಗಳ ಖರ್ಚಿಗೆ ಸೇರಬೇಕಾದದ್ದು 4 ಮಾತ್ರ. ಉಳಿದ 8 ಮುಂದಿನ ಎರಡು ತಿಂಗಳ ಎಣ್ಣೆ. ಅದನ್ನು ಕಳೆದರೆ 101ಕ್ಕೆ ಬಂದಿರಿ. ಕೊಂಡ ತಾರೀಖೇ ಬಳಸಿದ ತಾರೀಖು ಎಂದು ಪುಸ್ತಕ ತಿಳಿದುಕೊಳ್ಳುತ್ತದೆ. ಡಬ್ಬದಲ್ಲಿ ಎಷ್ಟು ಉಳಿದಿದೆ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಎಣ್ಣೆ, ಸೋಪು, ಬಟ್ಟೆ ತೊಳೆಯುವ ಪುಡಿ ಮುಂತಾದ ದೀರ್ಘಕಾಲ ಬರುವ ಸಾಮಾನಿಗೆ ವರ್ಷಕ್ಕೆ ಎಷ್ಟಾಗುತ್ತದೆಂದು ಅಂದಾಜು ಮಾಡಿ, ಅದರ ಹನ್ನೆರಡನೇ ಒಂದು ಭಾಗವನ್ನು ಪ್ರತಿ ತಿಂಗಳೂ ಮೊದಲೇ ತೆಗೆದಿಡಿ. ವಾರದ 23ರ ಪಾಲನ್ನು ಅದರ ನಂತರ ಉಳಿಯುವ ಹಣಕ್ಕೆ ಮಾಡಿಕೊಳ್ಳಿ.

ಹಾಗಾದರೆ ನಿಮ್ಮ ಕಡೆಯಿಂದ ಏನೂ ತಪ್ಪಿಲ್ಲವೇ ಎಂದರೆ, ಒಂದಿದೆ. ತಪ್ಪು ಎನ್ನುವುದಕ್ಕಿಂತ ಸೋರಿಕೆ ಎನ್ನುತ್ತೇನೆ. 12ನೇ ತಾರೀಖಿನ ಸಾಲು ನೋಡಿ. ‘ಉಪ್ಪು’ ಎಂದು ದುಂಡಗೆ ಬರೆದಿದ್ದೀರಿ. ಅದರ ಕೆಳಗೆ ಬೇರೆ ಶಾಯಿಯಲ್ಲಿ, ಎರಡು ಗೆರೆಗಳ ನಡುವೆ ಇಕ್ಕಟ್ಟಾಗಿ, ಇನ್ನೂ ಮೂರು ಸಾಮಾನುಗಳಿವೆ. ಉಪ್ಪಿಗೆಂದು ಹೋದದ್ದು, ಉಪ್ಪಿನ ಜೊತೆ ಆ ಮೂರು ಬಂದವು. ಇಂಥ ನಡುವಾರದ ಸಣ್ಣ ಓಡಾಟಗಳು ಎರಡೂ ತಿಂಗಳಲ್ಲಿ ಒಂಬತ್ತು ಒಂಬತ್ತರಷ್ಟು ಹಣ ತೆಗೆದುಕೊಂಡಿವೆ. ಆ ಹಾಳೆಗಳಲ್ಲಿ ನಿಜವಾಗಿ ನಿಮ್ಮ ಕೈಯಲ್ಲಿರುವ ಹಣ ಇದೊಂದೇ.

1937ರಲ್ಲಿ ಅಮೆರಿಕದ ಒಕ್ಲಹೋಮ ಸಿಟಿಯ ವರ್ತಕ ಸಿಲ್ವನ್ ಗೋಲ್ಡ್‌ಮನ್ ಅಂಗಡಿಯೊಳಗೆ ತಳ್ಳುಗಾಡಿಯನ್ನು ತಂದ. ಗಿರಾಕಿಗಳ ಕೈಬುಟ್ಟಿ ಭಾರವಾದ ಕೂಡಲೇ ಕೊಳ್ಳುವುದು ನಿಲ್ಲುತ್ತಿತ್ತು; ಅದನ್ನು ಅವನು ಗಮನಿಸಿದ್ದ. ಅವನ ಲೆಕ್ಕಾಚಾರವನ್ನು ನೀವು ತಿರುಗಿಸಿ ಹಾಕಬಹುದು. ನಡುವಾರದಲ್ಲಿ ಹೋಗಲೇಬೇಕಾದರೆ ಗಾಡಿಯೂ ಬೇಡ, ಚೀಲವೂ ಬೇಡ. ಎರಡು ಕೈಯಲ್ಲಿ ಹಿಡಿಯುವಷ್ಟನ್ನೇ ತನ್ನಿ. ಉಪ್ಪು ಮುಗಿದದ್ದು ಡಬ್ಬಿಯ ತಳ ಕಂಡ ದಿನ ಗೊತ್ತಾಗುವುದರ ಬದಲು ಅರ್ಧವಾದಾಗಲೇ ಪಟ್ಟಿಗೆ ಬಿದ್ದರೆ ಅಷ್ಟೂ ಬೇಕಾಗುವುದಿಲ್ಲ.

ಪಟ್ಟಿಯ ಬಗ್ಗೆ ನನಗೆ ಒಂದಿಷ್ಟು ಹಟವಿದೆ. ಅಂಗಡಿಗೆ ಹೊರಡುವಾಗ ಬಾಗಿಲಲ್ಲಿ ನಿಂತು ಬರೆದ ಚೀಟಿಯನ್ನು ನಾನು ಪಟ್ಟಿ ಎನ್ನುವುದಿಲ್ಲ. ಪಟ್ಟಿ ಶುರುವಾಗಬೇಕಾದದ್ದು ಅಡುಗೆಮನೆಯ ಕಪಾಟಿನ ಮುಂದೆ. ಕಳೆದ ವರ್ಷ ಒಂದು ಭಾನುವಾರ ನಮ್ಮ ಮನೆಯ ಕಪಾಟನ್ನು ಪೂರ್ತಿ ಖಾಲಿ ಮಾಡಿದೆ. ದೊಡ್ಡ ಡಬ್ಬದ ಹಿಂದೆ ಒಂದೇ ಮಸಾಲೆ ಪುಡಿಯ ಮೂರು ಪೊಟ್ಟಣ, ಮೂರನ್ನೂ ಒಡೆದು ರಬ್ಬರ್ ಬ್ಯಾಂಡ್ ಹಾಕಿಟ್ಟಿತ್ತು. ಒಂದರಲ್ಲಿ ಪುಡಿ ಗಟ್ಟಿಯಾಗಿ ಹೆಂಟೆಯಾಗಿತ್ತು, ಮೂಸಿದರೆ ವಾಸನೆಯೇ ಇಲ್ಲ. ಕಣ್ಣಿಗೆ ಕಾಣದ್ದು ಮನೆಯಲ್ಲಿ ಇಲ್ಲವೆಂದು ಮೂರು ಸಲ ಕೊಂಡಿದ್ದೆವು. ಅಂದಿನಿಂದ ಹಳೆಯದು ಮುಂದೆ, ಹೊಸದು ಹಿಂದೆ. ಪಟ್ಟಿ ಬರೆಯುವ ಮೊದಲು ಡಬ್ಬಿಗಳ ಮುಚ್ಚಳ ತೆಗೆದು ನೋಡುವುದು. ಇರುವುದರಿಂದ ಏನೇನು ಅಡುಗೆಯಾಗುತ್ತದೆಂದು ಮೊದಲು ಗೊತ್ತುಮಾಡಿ, ಅದಕ್ಕೆ ಕಡಿಮೆ ಬಿದ್ದದ್ದನ್ನಷ್ಟೇ ಬರೆಯಿರಿ.

ಎಸೆಯುವುದರ ಲೆಕ್ಕವನ್ನು ಯಾರೂ ಬರೆಯುವುದಿಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಹೊರತಂದ ವರದಿಯ ಪ್ರಕಾರ, ಜಗತ್ತಿನಲ್ಲಿ ಮನೆಗಳಿಂದಲೇ ತಲಾ ವರ್ಷಕ್ಕೆ ಸರಾಸರಿ 79 ಕಿಲೋ ಆಹಾರ ಕಸಕ್ಕೆ ಹೋಗುತ್ತದೆ. ಸಿಪ್ಪೆ, ಬೀಜಗಳೂ ಅದರಲ್ಲಿ ಸೇರಿವೆ ನಿಜ. ಆದರೂ ನಾಲ್ಕು ಜನರ ಮನೆಗೆ ತಿಂಗಳಿಗೆ 26 ಕಿಲೋ ಆಯಿತು. ನಿಮ್ಮ ಮನೆಯದು ಇದಕ್ಕಿಂತ ಬಹಳ ಕಡಿಮೆಯಿರಬಹುದು, ನಿಮ್ಮ ಹಾಳೆ ನೋಡಿದರೆ ಹಾಗೇ ಅನಿಸುತ್ತದೆ. ಒಂದೇ ಒಂದು ತಿಂಗಳು ಪುಸ್ತಕದ ಹಿಂಬದಿಯ ಪುಟದಲ್ಲಿ ಎಸೆದದ್ದನ್ನೂ ಬರೆದು ನೋಡಿ: ಬಾಡಿದ ಸೊಪ್ಪು, ಹುಳಿಯಾದ ಹಾಲು, ನಿನ್ನೆಯ ಅಡುಗೆ. ಮುಂದಿನ ಸಲ ಅದನ್ನು ಎಷ್ಟು ತರಬೇಕೆಂದು ಆ ಪುಟವೇ ಹೇಳುತ್ತದೆ. ಫ್ರಿಜ್ 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿರಲಿ, ಬೇಯಿಸಿದ್ದು ಎರಡು ಗಂಟೆಗಿಂತ ಹೆಚ್ಚು ಹೊರಗೆ ಕೂರದಿರಲಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಇದನ್ನೇ. ಪೊಟ್ಟಣದ ಮೇಲೆ ‘ಈ ದಿನಾಂಕದ ಮೊದಲು ಉತ್ತಮ’ ಎಂದಿದ್ದರೆ ಅದು ರುಚಿ, ಗುಣಮಟ್ಟದ ಮಾತು. ದಿನ ದಾಟಿದ ಮಾತ್ರಕ್ಕೆ ವಿಷವಾಗುವುದಿಲ್ಲ. ‘ಈ ದಿನಾಂಕದೊಳಗೆ ಬಳಸಿ’ ಎಂದಿದ್ದರೆ ಮಾತ್ರ ದಾಟಿಸಬೇಡಿ.

ದೊಡ್ಡ ಪೊಟ್ಟಣ ಅಗ್ಗವೇ ಎಂದು ಕೇಳಿದ್ದೀರಿ. ಬೆಲೆಯನ್ನು ತೂಕದಿಂದ ಭಾಗಿಸಿ ನೋಡಿ, ಮೊಬೈಲಿನಲ್ಲಿ ಅರ್ಧ ನಿಮಿಷದ ಕೆಲಸ. ಅಗ್ಗವಾಗಿದ್ದರೂ ಕೆಡುವ ಮೊದಲು ಮುಗಿಯದಿದ್ದರೆ ಕೊಳ್ಳಬೇಡಿ. ಬೆಲೆ ಅಷ್ಟೇ ಇದ್ದು ತೂಕ ಇಳಿದಿರುವುದೂ ಉಂಟು, ಹಾಗಾಗಿ ಪೊಟ್ಟಣದ ಕೆಳಗಿನ ಸಣ್ಣಕ್ಷರದ ಮೇಲೆ ಒಂದು ಕಣ್ಣಿರಲಿ.

ಈಗ ಎರಡು ವರ್ಷದ ಹಿಂದೆ ಗೊತ್ತುಮಾಡಿದ ಮೊತ್ತದ ವಿಚಾರ. ನೀವಿಬ್ಬರೂ ಕೂತು ಮಾತನಾಡಬೇಕಾದದ್ದು ಇದನ್ನು. ಬೆಲೆ ಏರಿದ್ದರಿಂದ ಖರ್ಚು ಹೆಚ್ಚಿತೋ, ಹೆಚ್ಚು ಕೊಂಡದ್ದರಿಂದಲೋ ಎಂದು ಬಿಡಿಸಿ ನೋಡದೆ ಒಬ್ಬರನ್ನೊಬ್ಬರು ದೂರುವುದು ನ್ಯಾಯವಲ್ಲ. ಬಿಡಿಸುವ ದಾರಿ ಹಳೆಯದೇ ಇದೆ. 1871ರಲ್ಲಿ ಜರ್ಮನಿಯ ಅರ್ಥಶಾಸ್ತ್ರಜ್ಞ ಎಟಿಯೆನ್ ಲಾಸ್ಪಿಯರ್ಸ್ ಹೇಳಿದ ಕ್ರಮ: ಸಾಮಾನೂ ಅದರ ಪ್ರಮಾಣವೂ ಬದಲಾಗದಂತೆ ಹಿಡಿದಿಟ್ಟು, ಬೆಲೆಯನ್ನು ಮಾತ್ರ ಬದಲಿಸಿ ನೋಡುವುದು. ನೀವು ತಪ್ಪದೆ ಕೊಳ್ಳುವ ಹನ್ನೆರಡು ಸಾಮಾನನ್ನು ಆರಿಸಿ. ಎರಡು ವರ್ಷದ ಹಿಂದಿನ ಪುಸ್ತಕ ತೆಗೆದು ಅಂದು ಎಷ್ಟು ಪ್ರಮಾಣ ಕೊಂಡಿರಿ, ಏನು ಬೆಲೆ ಕೊಟ್ಟಿರಿ ನೋಡಿ. ಅಷ್ಟೇ ಪ್ರಮಾಣಕ್ಕೆ ಇಂದಿನ ಬೆಲೆ ಹಾಕಿ ಕೂಡಿಸಿ. ಅಂದಿನ 100 ಇಂದು ಎಷ್ಟಾಗಿದೆಯೋ ಆ ಹೆಚ್ಚಳ ನಿಮ್ಮದಲ್ಲ. ಅಷ್ಟನ್ನು ಮೊತ್ತಕ್ಕೆ ಸೇರಿಸಬೇಕು, ಇಲ್ಲವೇ ಯಾವ ಸಾಮಾನು ಬಿಡುವುದೆಂದು ಇಬ್ಬರೂ ಸೇರಿ ಹೇಳಬೇಕು. ಹಾಸಿಗೆಯೇ ವರ್ಷವರ್ಷ ಮೋಟಾಗುತ್ತಿದ್ದರೆ ಕಾಲು ಮಡಿಸುವವರು ನೀವೊಬ್ಬರೇ ಆಗಬಾರದು.

ಆದಾಯದಲ್ಲಿ ಇಂತಿಷ್ಟು ಭಾಗಕ್ಕಿಂತ ಹೆಚ್ಚು ಊಟಕ್ಕೆ ಹೋಗಬಾರದೆಂದು ಪರಿಚಿತರೊಬ್ಬರು ಹೇಳಿದ್ದು ನಿಮ್ಮನ್ನು ಚುಚ್ಚಿದೆ. ಆ ಮಾತನ್ನು ಬಿಟ್ಟುಬಿಡಿ. ಅರ್ನ್ಸ್ಟ್ ಎಂಗೆಲ್ ಎಂಬ ಸಂಖ್ಯಾಶಾಸ್ತ್ರಜ್ಞ 1857ರಲ್ಲೇ ಕುಟುಂಬಗಳ ಖರ್ಚನ್ನು ಪರಿಶೀಲಿಸಿ ತೋರಿಸಿದ್ದಾನೆ: ಆದಾಯ ಕಡಿಮೆಯಾದಷ್ಟೂ ಅದರಲ್ಲಿ ಆಹಾರದ ಪಾಲು ದೊಡ್ಡದಾಗುತ್ತದೆ. ಅವರ ಸಂಬಳಕ್ಕೆ ಸರಿಹೋದ ಅಳತೆ ನಿಮ್ಮದಕ್ಕೆ ಸರಿಹೋಗಬೇಕಿಲ್ಲ.

ಕೊನೆಗೆ, ನಿಮ್ಮ ಪತ್ರದ ಮೂರನೇ ಪುಟ. ‘ಕೊನೆಯ ವಾರ ನನ್ನ ಹಾಲು ನಿಲ್ಲಿಸುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ’ ಎಂದು ಬರೆದಿದ್ದೀರಿ. ಅಲ್ಲಿ ಓದು ನಿಂತುಹೋಯಿತು. ಸೋದರಿ, ಇದನ್ನು ಉಳಿತಾಯ ಎಂದು ಕರೆಯಲು ನನ್ನಿಂದಾಗುವುದಿಲ್ಲ. ಮನೆಯ ಖರ್ಚು ಮೀರಿದ್ದರೆ ಅದು ನಾಲ್ವರ ಮುಂದೆ ಬರಬೇಕು, ಒಬ್ಬರ ತಟ್ಟೆಯಲ್ಲಿ ಅಡಗಬಾರದು. ನೀವು ಬಿಟ್ಟ ಹಾಲು ನಿಮ್ಮ ಪುಸ್ತಕದ ಯಾವ ಪುಟದಲ್ಲೂ ಇಲ್ಲ. ಅದಕ್ಕೇ ಯಜಮಾನರಿಗೆ ಕೊರತೆಯ ನಿಜವಾದ ಅಳತೆ ಇನ್ನೂ ಗೊತ್ತಾಗಿಲ್ಲ. ನಡುವಾರದ ಆ ಒಂಬತ್ತರಲ್ಲಿ ಮೂರನ್ನು ಹಿಡಿದಿಟ್ಟರೂ ಮೊದಲು ಮರಳಿ ಬರಬೇಕಾದದ್ದು ನಿಮ್ಮ ಲೋಟದ ಹಾಲು. ಈ ತಿಂಗಳಿಂದ ಪಟ್ಟಿಯ ಮೊದಲ ಸಾಲಿನಲ್ಲಿ ಅದನ್ನೇ ಬರೆಯಿರಿ, ಬೇರೇನು ತಪ್ಪಿದರೂ ಅದನ್ನು ಹೊಡೆದುಹಾಕಬೇಡಿ.

ಈ ಸಂಚಿಕೆ ಕೈಸೇರಿದ ಮೇಲೆ ಬರುವ ಮೊದಲ ಶುಕ್ರವಾರ ರಾತ್ರಿ, ಊಟವಾದ ನಂತರ ಕಪಾಟಿನ ಬಾಗಿಲು ತೆರೆದು ಇಬ್ಬರೂ ಕೂತುಕೊಳ್ಳಿ. ಅವರು ಒಂದೊಂದೇ ಡಬ್ಬಿಯ ಮುಚ್ಚಳ ತೆಗೆದು ಎಷ್ಟಿದೆ ಎಂದು ಹೇಳಲಿ, ನೀವು ಬರೆದುಕೊಳ್ಳಿ. ಮರುದಿನದ ಸಾಮಾನಿಗೆ ಅವರೂ ಜೊತೆಗೆ ಬರಲಿ. ಮುಂದಿನ ತಿಂಗಳ ಹಾಳೆಗಳು ಸಿದ್ಧವಾದಾಗ, ಹಿಂಬದಿಯ ಎಸೆದದ್ದರ ಪುಟವನ್ನೂ ಸೇರಿಸಿ, ನನಗೊಂದು ಪ್ರತಿ ಕಳಿಸಿಕೊಡಿ.

ನಿಮ್ಮ,
ಸಂಪಾದಕ