ಗೆಳತಿಯ ಬಾಲಿಗೇ ಔಟಾಗ್ತೀನಿ, ಏನು ಮಾಡಲಿ?

ಪ್ರಶ್ನೆ: ಗಂಡಸರು, ಹೆಂಗಸರು ಕೂಡಿ ಆಡುವ ಸ್ಲೋ-ಪಿಚ್ ಸಾಫ್ಟ್‌ಬಾಲ್ ಲೀಗಿನಲ್ಲಿ ಸುಮ್ನೆ ಖುಷಿಗೆ ಆಡುತ್ತೇನೆ (ಬೇಸ್‌ಬಾಲ್ ಥರದ ಆಟ). ಎದುರು ತಂಡದ ಪಿಚರ್, ಅಂದರೆ ಚೆಂಡು ಎಸೆಯುವವಳು, ನನ್ನ ಹಳೇ ಗೆಳತಿ. ಅವಳ ಚೆಂಡನ್ನು ಪ್ರತಿಸಲ ಆಕಾಶಕ್ಕೆ ಹೊಡೆದು ಕ್ಯಾಚ್ ಕೊಡುತ್ತೇನೆ, ಆಮೇಲೆ ವಾರವೆಲ್ಲ ಅವಳ ಗೇಲಿ. ಇನ್ನೊಂದು, ಮೊನ್ನೆ ನನಗೆ ವಾಕ್ (ಪಿಚರ್ ಸರಿಯಾಗಿ ಎಸೆಯದಿದ್ದರೆ ಹೊಡೆಯದೆಯೇ ಸಿಗುವ ಮೊದಲ ಬೇಸ್, ಅಂದರೆ ಓಡಿ ಮುಟ್ಟುವ ಮೊದಲ ನೆಲೆ) ಸಿಕ್ಕಾಗ ಅಂಪೈರ್ ಸೀದಾ ಎರಡನೇ ಬೇಸಿಗೆ ಕಳಿಸಿದರು. ಯಾಕೆ?

ಉತ್ತರ: ಮೊದಲು ಗೇಲಿಯ ವಿಷಯ. ನಿಮಗೆ ಅವಸರ ಜಾಸ್ತಿ, ಅದು ಅವಳಿಗೆ ಚೆನ್ನಾಗಿ ಗೊತ್ತು! ಸ್ಲೋ-ಪಿಚ್‌ನಲ್ಲಿ ಚೆಂಡು ಕೈಯಡಿಯಿಂದ ಹೊರಟು ಕಮಾನಿನಂತೆ ಮೇಲೇರಿ ಇಳಿಯುತ್ತದೆ. ಅದು ಇನ್ನೂ ಎತ್ತರದಲ್ಲಿರುವಾಗಲೇ ಬ್ಯಾಟ್ ಬೀಸಿದರೆ ಹಿಂದಿನ ಭುಜ ಕೆಳಗೆ ಬೀಳುತ್ತದೆ, ಬ್ಯಾಟು ಚೆಂಡಿನ ಅಡಿಗೆ ತಗಲುತ್ತದೆ, ಚೆಂಡು ಮೇಲಕ್ಕೆ ಹೋಗಿ ಯಾರದೋ ಗ್ಲವ್ಸಿಗೆ ಬೀಳುತ್ತದೆ. ಅದು ಸೊಂಟದ ಮಟ್ಟಕ್ಕೆ ಇಳಿಯುವವರೆಗೂ ಕಾಯಿರಿ, ಆಮೇಲೆ ಫೀಲ್ಡರ್‌ಗಳ ನಡುವಿನ ಖಾಲಿ ಜಾಗಕ್ಕೆ ನೇರವಾಗಿ ಹೊಡೆಯಿರಿ. ಅವಳ ಮುಖ ನೋಡಬೇಡಿ, ಕೈಯಲ್ಲಿರುವ ಚೆಂಡು ನೋಡಿ. ನಗಿಸುವುದೂ ಅವಳ ಪಿಚಿಂಗಿನ ಭಾಗವೇ ಅಲ್ವಾ?

ಎರಡು ಬೇಸ್ ಕೊಟ್ಟದ್ದು ತಪ್ಪಲ್ಲ. ಗಂಡಸರಿಗೆ ಬೇಕಂತಲೇ ವಾಕ್ ಕೊಟ್ಟು, ಮುಂದೆ ಬರುವ ಹೆಂಗಸರನ್ನು ಸುಲಭವಾಗಿ ಔಟ್ ಮಾಡೋಣ ಅಂತ ಲೆಕ್ಕ ಹಾಕುವ ತಂಡಗಳಿದ್ದವು, ಅದನ್ನು ತಡೆಯಲು ಅನೇಕ ಲೀಗುಗಳಲ್ಲಿ ಗಂಡಸರ ವಾಕಿಗೆ ಎರಡು ಬೇಸ್ ಕೊಡುವ ಈ ನಿಯಮ ಇದೆ. ಆ ಲೆಕ್ಕವೇ ಅವಮಾನ ಅನ್ನಿ, ಅವಳನ್ನೇ ಕೇಳಿ ನೋಡಿ. ಕೆಲವು ಕಡೆ ಇಬ್ಬರು ಔಟಾಗಿದ್ದರೆ ಮುಂದಿನ ಬ್ಯಾಟರ್ ಹೆಣ್ಣುಮಗಳು ಬ್ಯಾಟ್ ಬೀಸದೆಯೇ ವಾಕ್ ತಗೊಳ್ಳಬಹುದು. ನಿಮ್ಮ ಲೀಗಿನ ನಿಯಮ ಒಮ್ಮೆ ಓದಿಕೊಳ್ಳಿ.