ಐದು ನಿಮಿಷಕ್ಕೊಮ್ಮೆ ಬಂದು ಬಾಗಿಲು ತಟ್ಟುವ ಕ್ಯಾಲೆಂಡರ್

ಪ್ರಶ್ನೆ: ಮೇಡಂ, ನಮಸ್ಕಾರ. ದಾವಣಗೆರೆ ಮಂಡಿಪೇಟೆಯಲ್ಲಿ ಏಳೆಂಟು ಅಂಗಡಿಗಳ ಲೆಕ್ಕ ಬರೆಯುವ ಕೆಲಸ ನನ್ನದು. ಜಿಎಸ್‌ಟಿ, ಟಿಡಿಎಸ್ ತೆರಿಗೆಗಳ ತಾರೀಕುಗಳನ್ನೆಲ್ಲ ಕಂಪ್ಯೂಟರಿನ ಔಟ್‌ಲುಕ್ ಕ್ಯಾಲೆಂಡರಿನಲ್ಲಿ ಹಾಕಿಟ್ಟಿದ್ದೇನೆ. ರಿಮೈಂಡರ್ ಬಂದಾಗ ‘ಆಮೇಲೆ ನೆನಪಿಸು’ ಅನ್ನುವ ಸ್ನೂಜ್ ಒತ್ತುತ್ತೇನೆ. ಐದು ನಿಮಿಷಕ್ಕೆ ಮತ್ತೆ ಹಾಜರ್. ಮತ್ತೆ ಒತ್ತಿದರೆ ಮತ್ತೆ ಹಾಜರ್. ಹೋದ ತಿಂಗಳು ತಲೆಕೆಟ್ಟು ‘ಡಿಸ್‌ಮಿಸ್ ಆಲ್’ ಒತ್ತಿಬಿಟ್ಟೆ. ಒಂದು ಅಂಗಡಿಯ ತಿಂಗಳ ಜಿಎಸ್‌ಟಿ ರಿಟರ್ನ್, ಅಂದರೆ 3ಬಿ, ಮರೆತೇ ಹೋಯ್ತು. ಎರಡು ದಿನದ ಲೇಟ್ ಫೀ ನನ್ನ ಜೇಬಿನಿಂದಲೇ ಕಟ್ಟಿದೆ. ಸ್ನೂಜ್ ಪಟ್ಟಿಯಲ್ಲಿ 30 ನಿಮಿಷ ಆದ ಮೇಲೆ ನೇರ 1 ಗಂಟೆ ಇದೆ, ನನಗೆ 40 ನಿಮಿಷ ಬೇಕು, ಕೆಲವಕ್ಕೆ ಮೂರು ಗಂಟೆ ಬೇಕು. ನಮಗೆ ಬೇಕಾದ ಹಾಗೆ ಮಾಡಿಕೊಳ್ಳಲು ಆಗುತ್ತಾ? ಇನ್ನೊಂದು ವಿಷಯ, 20ನೇ ತಾರೀಕಿಗೆ ಹಾಕಿದ್ದು 19ರ ಬೆಳಿಗ್ಗೆಯೇ ಬಂದು ಕೂತಿರುತ್ತದೆ. ಅದ್ಯಾಕೆ?

ಉತ್ತರ: ಆಗುತ್ತದೆ, ಅದೂ ಬಹಳ ಸುಲಭವಾಗಿ. ನಾನು ಹೇಳುತ್ತಿರುವುದು ಹಳೆಯ, ಕ್ಲಾಸಿಕ್ ಔಟ್‌ಲುಕ್ ಬಗ್ಗೆ. ರಿಮೈಂಡರ್ ಕಿಟಕಿಯ ಕೆಳಗೆ ‘5 ಮಿನಿಟ್ಸ್’ ಅಂತ ಒಂದು ಡಬ್ಬಿ ಇರುತ್ತದಲ್ಲ, ಪಕ್ಕದಲ್ಲಿ ಬಾಣದ ಗುರುತು ಇರುವುದರಿಂದ ಎಲ್ಲರೂ ಅದನ್ನು ಬರೀ ಪಟ್ಟಿ ಅಂದುಕೊಳ್ಳುತ್ತಾರೆ. ಅದು ಪಟ್ಟಿಯೂ ಹೌದು, ಬರೆಯುವ ಜಾಗವೂ ಹೌದು. ಅಲ್ಲಿರುವ ಅಕ್ಷರಗಳನ್ನು ಅಳಿಸಿ, 40 ಅಂತ ಹೊಡೆದು, ಒಂದು ಜಾಗ ಬಿಟ್ಟು, ಇಂಗ್ಲಿಷಿನಲ್ಲಿ ಮಿನಿಟ್ಸ್ ಅಂತ ಬರೆದು ಸ್ನೂಜ್ ಒತ್ತಿ. ಅಷ್ಟೇ. ‘3 ಅವರ್ಸ್’ ಅಂತಲೂ ಬರೆಯಬಹುದು. ಒಂದು ಎಚ್ಚರಿಕೆ. ನಿಮ್ಮಂಥವರ ಕಂಪ್ಯೂಟರಿನಲ್ಲಿ ನುಡಿ ತಂತ್ರಾಂಶ ಸದಾ ಆನ್ ಆಗಿಯೇ ಇರುತ್ತದೆ. ಕನ್ನಡ ಅಕ್ಷರ ಬಿದ್ದರೆ ಔಟ್‌ಲುಕ್‌ಗೆ ಅರ್ಥವಾಗುವುದಿಲ್ಲ. ಆಮೇಲೆ ‘ಮೇಡಂ ಹೇಳಿದ್ದು ಸುಳ್ಳು’ ಅಂತ ನನಗೇ ಇನ್ನೊಂದು ಪತ್ರ ಬರೆಯಬೇಡಿ!

ಪ್ರತಿ ಸಲವೂ 5ರ ಬದಲು 40 ಅಂತಲೇ ಬರುವ ಹಾಗೆ ಕಾಯಂ ಮಾಡಲು ಮಾತ್ರ ಔಟ್‌ಲುಕ್‌ನ ಆಪ್ಷನ್ಸ್‌ನಲ್ಲಿ ಜಾಗವೇ ಇಲ್ಲ. ಪುಕ್ಕಟೆ ಸಿಗುವ ಇಮೇಲ್ ತಂತ್ರಾಂಶ ಥಂಡರ್‌ಬರ್ಡ್‌ನಲ್ಲಿ ಇದೆ. ಅದರ ಕ್ಯಾಲೆಂಡರ್ ಸೆಟ್ಟಿಂಗ್‌ನಲ್ಲಿ ‘ಡಿಫಾಲ್ಟ್ ಸ್ನೂಜ್ ಲೆಂಗ್ತ್’ ಅಂತ ಇರುತ್ತದೆ, ಅಲ್ಲೂ ಮೊದಲಿಗೆ 5 ನಿಮಿಷವೇ, ಆದರೆ ನಮಗೆ ಬೇಕಾದ ಅಂಕಿ ಹಾಕಿ ಬಿಡಬಹುದು. ಹಾಗಂತ ಇಷ್ಟಕ್ಕೋಸ್ಕರ ಮನೆ ಬದಲಾಯಿಸಬೇಡಿ.

ಈಗ 19ರ ಬೆಳಿಗ್ಗೆಯ ರಹಸ್ಯ. ನೀವು 20ನೇ ತಾರೀಕನ್ನು ‘ಆಲ್ ಡೇ’ ಅಂತ, ಅಂದರೆ ಇಡೀ ದಿನದ ಕೆಲಸ ಅಂತ ಹಾಕಿದ್ದೀರಿ. ಕಂಪ್ಯೂಟರಿನ ಲೆಕ್ಕದಲ್ಲಿ ಆ ದಿನ ಶುರುವಾಗುವುದು 19ರ ರಾತ್ರಿ 12ಕ್ಕೆ. ಮಾಮೂಲಿ ಕೆಲಸಕ್ಕೆ ಔಟ್‌ಲುಕ್ 15 ನಿಮಿಷ ಮೊದಲು ನೆನಪಿಸುತ್ತದೆ, ಇಡೀ ದಿನದ ಕೆಲಸಕ್ಕೆ 18 ಗಂಟೆ ಮೊದಲು. ರಾತ್ರಿ 12ರಿಂದ 18 ಗಂಟೆ ಹಿಂದಕ್ಕೆ ಎಣಿಸಿ, 19ರ ಬೆಳಿಗ್ಗೆ 6. ಆ ಹೊತ್ತಿಗೆ ನಿಮ್ಮ ಅಂಗಡಿ ಬೀದಿಯಲ್ಲಿ ಶಟರ್ ಕೂಡ ಎತ್ತಿರುವುದಿಲ್ಲ. ಔಟ್‌ಲುಕ್ ತೆರೆದಿದ್ದರೆ ಮಾತ್ರ ಅದು ಕೂಗುತ್ತದೆ, ಹಾಗಾಗಿ ನೀವು ಹತ್ತು ಗಂಟೆಗೆ ಬಂದು ತೆರೆದ ತಕ್ಷಣ ಏಳೆಂಟು ಅಂಗಡಿಯವೂ ಒಟ್ಟಿಗೆ ಮೈಮೇಲೆ ಬೀಳುತ್ತವೆ. ಅಷ್ಟೊತ್ತಿಗೆ ಫೋನು, ಯಾರೋ ಬಿಲ್ ಹಿಡಿದು ನಿಂತಿದ್ದಾರೆ. ಯಾರಾದರೂ ‘ಡಿಸ್‌ಮಿಸ್ ಆಲ್’ ಒತ್ತಿಯೇ ಒತ್ತುತ್ತಾರೆ, ನಿಮ್ಮದೇನೂ ತಪ್ಪಿಲ್ಲ.

ಆದರೆ ಡಿಸ್‌ಮಿಸ್ ಒತ್ತಿದರೆ ಕಥೆ ಮುಗಿಯಿತು, ಅದು ತಾನಾಗಿ ವಾಪಸ್ ಬರುವುದಿಲ್ಲ. ತಲೆಕೆಟ್ಟಾಗ ಒತ್ತಬೇಕಾದ್ದು ಮೂಲೆಯ ಇಂಟು ಗುರುತು. ಅದು ಕಿಟಕಿಯನ್ನು ಮುಚ್ಚುತ್ತದೆ, ರಿಮೈಂಡರನ್ನು ಅಳಿಸುವುದಿಲ್ಲ. ‘ವ್ಯೂ’ನಲ್ಲಿ ‘ರಿಮೈಂಡರ್ಸ್ ವಿಂಡೋ’ ಒತ್ತಿದರೆ ಎಲ್ಲಾ ಅಲ್ಲೇ ಇರುತ್ತವೆ.

ನಿಮ್ಮ ಪತ್ರ ಓದಿದಾಗ ನನಗೆ ಅನ್ನಿಸಿದ್ದು ಇಷ್ಟು. ಸ್ನೂಜ್ ಒತ್ತುವಾಗ ನಾವು ‘ಈಗ ಬೇಡ’ ಅಂತ ಮಾತ್ರ ಹೇಳುತ್ತಿದ್ದೇವೆ, ‘ಯಾವಾಗ’ ಅಂತ ಹೇಳುತ್ತಿಲ್ಲ. ಅಂಗಡಿಯವರು ಖರೀದಿ ಬಿಲ್ಲಿನ ಕಟ್ಟು ಕೊಡುವುದೇ ಮಧ್ಯಾಹ್ನ ಊಟ ಆದ ಮೇಲೆ ಅಂದರೆ, ಬೆಳಿಗ್ಗೆ ಹತ್ತೂವರೆಗೆ ಐದೈದು ನಿಮಿಷ ಮುಂದೂಡಿ ಏನು ಉಪಯೋಗ? ಬಿಲ್ಲೇ ಇಲ್ಲದೆ ನೀವಾದರೂ ಏನು ತುಂಬಿಸುತ್ತೀರಿ? ಅದಕ್ಕೆ ನಾಲ್ಕು ಗಂಟೆ ಕೊಡಿ, ಎರಡೂವರೆಗೆ ಬರಲಿ. ಬ್ಯಾಂಕಿನಿಂದ ಸ್ಟೇಟ್‌ಮೆಂಟ್ ನಾಳೆ ಬರುತ್ತದೆ ಅಂದರೆ ಒಂದು ದಿನ ಕೊಡಿ. ಐದು ನಿಮಿಷದ ಸ್ನೂಜ್ ಸರಿಯಾಗುವುದು ಕೈಯಲ್ಲಿ ಬೆಣ್ಣೆದೋಸೆ ಇದ್ದಾಗ ಮಾತ್ರ, ಕೈ ತೊಳೆದುಕೊಂಡು ಬರುವಷ್ಟು ಹೊತ್ತು.

ಅದಕ್ಕಿಂತ ಒಳ್ಳೆಯದು, ಕೊನೆಯ ದಿನವನ್ನು ಕ್ಯಾಲೆಂಡರಿಗೆ ಹಾಕುವುದನ್ನೇ ಬಿಟ್ಟು, ನೀವು ಕೂತು ಕೆಲಸ ಮಾಡುವ ಹೊತ್ತನ್ನು ಹಾಕಿ. ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್ 1ಕ್ಕೆ 11, 3ಬಿಗೆ 20 ಅಂತ ನಿಮಗೆ ನಿದ್ದೆಯಲ್ಲೂ ಗೊತ್ತು. ಟಿಡಿಎಸ್ ಕಟ್ಟಲು 7ನೇ ತಾರೀಕು ಅನ್ನುವುದೂ ಗೊತ್ತು. ಹಾಗಾಗಿ 3ಬಿಯನ್ನು 17ರ ಬೆಳಿಗ್ಗೆ 11 ಗಂಟೆಗೆ, ಒಂದೊಂದು ಅಂಗಡಿಗೆ ಅರ್ಧರ್ಧ ಗಂಟೆ ಅಂತ ಸಾಲಾಗಿ ಹಾಕಿ, ‘ಆಲ್ ಡೇ’ ಗುರುತು ತೆಗೆದುಬಿಡಿ. ಆಗ ಸ್ನೂಜ್ ಪಟ್ಟಿಯ ಮೇಲ್ಭಾಗದಲ್ಲಿ ‘ಶುರುವಾಗುವ 5 ನಿಮಿಷ ಮೊದಲು’, ‘0 ನಿಮಿಷ ಮೊದಲು’ ಅಂತ ಇಂಗ್ಲಿಷಿನಲ್ಲಿ ಕಾಣುತ್ತದೆ. ಬಹಳ ಜನ ಅದನ್ನು ನೋಡುವುದೇ ಇಲ್ಲ. ಕೆಳಗಿನ ‘5 ಮಿನಿಟ್ಸ್’ ಎಣಿಸುವುದು ನೀವು ಒತ್ತಿದ ಹೊತ್ತಿನಿಂದ, ಮೇಲಿನದು ಎಣಿಸುವುದು ಕೆಲಸದ ಹೊತ್ತಿನಿಂದ ಹಿಂದಕ್ಕೆ. ನಿಮ್ಮ ಕಿರಿಕಿರಿ ಅರ್ಧ ಕಡಿಮೆಯಾಗುವುದು ಇಲ್ಲೇ.

ಇನ್ನು ಲೆಕ್ಕದ ತಂತ್ರಾಂಶ ಟ್ಯಾಲಿ ತೆರೆದಿದ್ದಾಗ ಇಡೀ ಪರದೆ ಅದೇ ತುಂಬಿರುತ್ತದೆ, ರಿಮೈಂಡರ್ ಹಿಂದೆ ಅಡಗಿ ಕೂರುತ್ತದೆ. ಫೈಲ್, ಆಪ್ಷನ್ಸ್, ಅಡ್ವಾನ್ಸ್‌ಡ್‌ಗೆ ಹೋಗಿ ‘ಶೋ ರಿಮೈಂಡರ್ಸ್ ಆನ್ ಟಾಪ್ ಆಫ್ ಅದರ್ ವಿಂಡೋಸ್’ಗೆ ಟಿಕ್ ಹಾಕಿ. ಅಲ್ಲೇ ಹತ್ತಿರ, ಕಳೆದುಹೋದ ತಾರೀಕಿನ ರಿಮೈಂಡರುಗಳನ್ನು ತಾನೇ ಡಿಸ್‌ಮಿಸ್ ಮಾಡುವ ಇನ್ನೊಂದು ಟಿಕ್ ಇದೆ. ಮೀಟಿಂಗ್ ಜಾಸ್ತಿ ಇರುವವರಿಗೆ ಅದು ವರ. ನೀವು ಹಾಕಬೇಡಿ. ತಾರೀಕು ದಾಟಿದರೆ ದಿನಕ್ಕೆ 50 ರೂಪಾಯಿ, ವ್ಯವಹಾರವೇ ಇಲ್ಲದ ನಿಲ್ ರಿಟರ್ನ್ ಆದರೆ 20. ದಾಟಿದ ಮೇಲೂ ಅದು ಕಣ್ಣೆದುರು ಕೂತು ಗೋಳು ಹೊಯ್ದುಕೊಳ್ಳಲಿ.

ಪ್ರಶ್ನೆ: ಚಿತ್ರದುರ್ಗದಲ್ಲಿ ಮೊಳಕಾಲ್ಮೂರು ಸೀರೆ ಮಾರುತ್ತೇನೆ. ಲ್ಯಾಪ್‌ಟಾಪಿನಲ್ಲಿ ಗೂಗಲ್ ಕ್ಯಾಲೆಂಡರ್. ಅದರಲ್ಲಿ ಸ್ನೂಜ್ ಒತ್ತಿದರೆ ಮತ್ತೆ ಯಾವಾಗ ಬರುತ್ತದೆ ಅಂತಲೇ ಗೊತ್ತಾಗಲ್ಲ. ಕೆಲವು ಸಲ ಬರುವುದೇ ಇಲ್ಲ.

ಉತ್ತರ: ಸೆಟ್ಟಿಂಗ್ಸ್‌ನಲ್ಲಿ ‘ನೋಟಿಫಿಕೇಶನ್ ಸೆಟ್ಟಿಂಗ್ಸ್’ ಅನ್ನುವ ಕಡೆ ಹೋಗಿ. ಸ್ನೂಜ್ ಮಾಡಿದ್ದನ್ನು ಎಷ್ಟು ನಿಮಿಷ ಮೊದಲು ಮತ್ತೆ ತೋರಿಸಬೇಕು ಅಂತ ಒಂದು ಸಾಲು ಇದೆ, ಅಲ್ಲಿ ಅಂಕಿ ಬದಲಾಯಿಸಿ. ಇದೂ ಎಣಿಸುವುದು ಕೆಲಸದ ಹೊತ್ತಿನಿಂದ ಹಿಂದಕ್ಕೆ. ಅಲ್ಲಿ 1 ಅಂತ ಇದ್ದರೆ ಗಿರಾಕಿ ಬಾಗಿಲಿಗೆ ಬಂದ ಮೇಲೆ ನೆನಪಾಗುತ್ತದೆ! ಬರುವುದೇ ಇಲ್ಲ ಅಂದರೆ ಬಹುಶಃ ಕ್ಯಾಲೆಂಡರಿನ ಟ್ಯಾಬ್ ಮುಚ್ಚಿರುತ್ತೀರಿ, ಅದು ತೆರೆದಿರಬೇಕು. ನನ್ನ ಸಲಹೆ ಕೇಳಿದರೆ ಸ್ನೂಜ್ ಸಹವಾಸವೇ ಬೇಡ. ಗೂಗಲ್‌ನಲ್ಲಿ ಒಂದೇ ಕೆಲಸಕ್ಕೆ ಒಂದಕ್ಕಿಂತ ಜಾಸ್ತಿ ನೋಟಿಫಿಕೇಶನ್ ಹಾಕಬಹುದು. ಒಂದು ದಿನ ಮೊದಲು ಒಂದು, ಎರಡು ಗಂಟೆ ಮೊದಲು ಒಂದು, ಹತ್ತು ನಿಮಿಷಕ್ಕೆ ಒಂದು ಹಾಕಿ ಸುಮ್ನೆ ಇದ್ದುಬಿಡಿ.

ಪ್ರಶ್ನೆ: ಸ್ನೂಜ್‌ಗೆ ಕನ್ನಡದಲ್ಲಿ ಏನು ಹೇಳಬೇಕು? – ಹೊನ್ನಾಳಿಯ ಓದುಗರು

ಉತ್ತರ: ‘ಮುಂದೂಡು’ ಅಂದರೆ ಸಾಕು, ಆದರೆ ಸ್ನೂಜ್‌ನ ಮೂಲ ಅರ್ಥವಾದ ಪುಟ್ಟ ನಿದ್ದೆ ಅದರಲ್ಲಿ ಇಲ್ಲ. ‘ಜೊಂಪು’ ಚೆನ್ನಾಗಿದೆ, ‘ಕೋಳಿನಿದ್ದೆ’ ಇನ್ನೂ ಚೆನ್ನಾಗಿದೆ. ನಮ್ಮ ಮನೆಯಲ್ಲಿ ಅದಕ್ಕೆ ‘ಇನ್ನೈದು ನಿಮಿಷ ಅಮ್ಮಾ’ ಅಂತ ಹೆಸರು.