ಓದುಗರ ಪ್ರಶ್ನೆ: ನೋಟು ಹರಿದರೆ ಬೆಲೆಯೂ ಹೋಗುತ್ತದೆಯೇ?

ಪ್ರಶ್ನೆ: ತುದಿ ಹರಿದುಹೋದ 500 ರೂಪಾಯಿ ನೋಟೊಂದು ನನ್ನ ಬಳಿ ಇದೆ. ಸಂತೆಯಲ್ಲಿ ಒಬ್ಬರು ಅದಕ್ಕೆ 400 ರೂಪಾಯಿ ಕೊಡುವುದಾಗಿ ಹೇಳುತ್ತಾರೆ. ಕೊಟ್ಟುಬಿಡಲೇ?
– ಓದುಗರೊಬ್ಬರು, ತಿಪಟೂರು

ಉತ್ತರ: ದಯವಿಟ್ಟು ಕೊಡಬೇಡಿ. ರಿಸರ್ವ್ ಬ್ಯಾಂಕಿನ 2009ರ ನೋಟು ಮರುಪಾವತಿ ನಿಯಮಗಳ ಪ್ರಕಾರ, 50 ರೂಪಾಯಿ ಮತ್ತು ಅದಕ್ಕೂ ಮೇಲಿನ ನೋಟಿನಲ್ಲಿ ಉಳಿದಿರುವ ಅತಿ ದೊಡ್ಡ ತುಂಡು ಇಡೀ ನೋಟಿನ ವಿಸ್ತೀರ್ಣದ ಶೇ 80ಕ್ಕಿಂತ ಹೆಚ್ಚಿದ್ದರೆ ಪೂರ್ಣ ಮೌಲ್ಯವೂ, ಶೇ 40ರಿಂದ 80ರವರೆಗೆ ಇದ್ದರೆ ಅರ್ಧ ಮೌಲ್ಯವೂ ಸಿಗುತ್ತದೆ. ಅದಕ್ಕಿಂತ ಕಡಿಮೆಯಾದರೆ ಏನೂ ಸಿಗುವುದಿಲ್ಲ. ಈಗಿನ 500ರ ನೋಟಿನ ಉದ್ದ 150 ಮಿಲಿಮೀಟರ್. ಆದ್ದರಿಂದ ಒಂದು ತುದಿಯಲ್ಲಿ 3 ಸೆಂಟಿಮೀಟರಿಗಿಂತ ಕಡಿಮೆ ಅಗಲದ ಪಟ್ಟಿ ಹೋಗಿದ್ದರೂ ನಿಮಗೆ ಪೂರ್ತಿ 500 ರೂಪಾಯಿ ಬರಬೇಕು. ಅಳತೆಪಟ್ಟಿ ಇಟ್ಟು ನೋಡಿಕೊಂಡು ವಾಣಿಜ್ಯ ಬ್ಯಾಂಕಿನ ಶಾಖೆಗೆ ಹೋಗಿ; ಅಲ್ಲಿ ನಿಮ್ಮ ಖಾತೆ ಇರಲೇಬೇಕೆಂದಿಲ್ಲ. 20 ರೂಪಾಯಿವರೆಗಿನ ನೋಟುಗಳಿಗೆ ನಿಯಮ ಇನ್ನೂ ಸರಳ: ಅರ್ಧಕ್ಕಿಂತ ಹೆಚ್ಚು ಭಾಗ ಉಳಿದಿದ್ದರೆ ಪೂರ್ಣ ಹಣ. ಆದರೆ ಬೇಕೆಂದೇ ಕತ್ತರಿಸಿದ ನೋಟನ್ನು ಬ್ಯಾಂಕು ತಿರಸ್ಕರಿಸುತ್ತದೆ. ದುಡಿದ ಹಣದಲ್ಲಿ ಐದನೇ ಒಂದು ಪಾಲನ್ನು ನಿಯಮ ಗೊತ್ತಿಲ್ಲವೆಂಬ ಒಂದೇ ಕಾರಣಕ್ಕೆ ಬಿಟ್ಟುಕೊಡುವುದು ಅನ್ಯಾಯ.

ಪ್ರಶ್ನೆ: ನಮ್ಮ ನೋಟುಗಳಿಗೂ ಕರ್ನಾಟಕಕ್ಕೂ ಏನು ನಂಟು? ಹಳೆಯ 50ರ ನೋಟು ಈಗಲೂ ನಡೆಯುತ್ತದೆಯೇ?
– ವಿದ್ಯಾರ್ಥಿನಿ, ಹೊಸಪೇಟೆ

ಉತ್ತರ: ನಿಮ್ಮ ಊರಿನ ಪಕ್ಕದ ಹಂಪಿಯ ಕಲ್ಲಿನ ರಥವೇ 2017ರಲ್ಲಿ ಬಂದ ನೀಲಿ ಬಣ್ಣದ 50ರ ನೋಟಿನ ಹಿಂಬದಿಯಲ್ಲಿದೆ. ಅದೇ ಬದಿಯ ಭಾಷಾಪಟ್ಟಿಯಲ್ಲಿ 15 ಭಾಷೆಗಳಲ್ಲಿ ಮೊತ್ತ ಅಚ್ಚಾಗಿದ್ದು, ಮೇಲಿನಿಂದ ನಾಲ್ಕನೆಯ ಸಾಲು ಕನ್ನಡದ್ದು. ದೇಶದ ನಾಲ್ಕು ನೋಟು ಮುದ್ರಣಾಲಯಗಳಲ್ಲಿ ಒಂದು ಮೈಸೂರಿನಲ್ಲಿದೆ; ಉಳಿದವು ನಾಸಿಕ್, ದೇವಾಸ್ ಮತ್ತು ಸಾಲ್ಬೋನಿಯಲ್ಲಿವೆ. ಸಂಸತ್ ಭವನದ ಚಿತ್ರವಿರುವ ಹಳೆಯ 50ರ ನೋಟು ಈಗಲೂ ಚಲಾವಣೆಯಲ್ಲಿದೆ.

ಪ್ರಶ್ನೆ: ದೃಷ್ಟಿ ಇಲ್ಲದ ನಮ್ಮ ತಾಯಿ ನೋಟನ್ನು ಗುರುತಿಸುವುದು ಹೇಗೆ?
– ಓದುಗರೊಬ್ಬರು, ಸಾಗರ

ಉತ್ತರ: 100ರ ನೋಟಿನ ಮುಂಬದಿಯಲ್ಲಿ ಬೆರಳಿಗೆ ಸಿಗುವಂತೆ ಉಬ್ಬಿದ ತ್ರಿಕೋನವಿದೆ, 500ರಲ್ಲಿ ವೃತ್ತವಿದೆ. ಅಂಚುಗಳಲ್ಲಿ 100ಕ್ಕೆ ನಾಲ್ಕು, 500ಕ್ಕೆ ಐದು ಉಬ್ಬುಗೆರೆಗಳಿವೆ. ಆದರೆ ಕೈಯಿಂದ ಕೈಗೆ ದಾಟಿ ಸವೆದ ನೋಟಿನಲ್ಲಿ ಈ ಉಬ್ಬು ತಿಳಿಯುವುದು ಕಷ್ಟ. 10, 20 ಮತ್ತು 50ರ ಹೊಸ ನೋಟುಗಳಲ್ಲಿ ಉದ್ದವನ್ನೇ ನಂಬಬೇಕು: 123, 129, 135 ಮಿಲಿಮೀಟರ್. ಆರು ಮಿಲಿಮೀಟರಿನ ಈ ಅಂತರ ತೀರಾ ಕಡಿಮೆ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ರಿಸರ್ವ್ ಬ್ಯಾಂಕಿನ ‘ಮಣಿ’ ಆ್ಯಪ್ ನೋಟಿನ ಮೌಲ್ಯವನ್ನು ಓದಿ ಹೇಳುತ್ತದೆ. ಒಮ್ಮೆ ಫೋನಿಗೆ ಹಾಕಿಕೊಂಡರೆ ಅದಕ್ಕೆ ಇಂಟರ್ನೆಟ್ ಬೇಕಿಲ್ಲ.